ಬಿಟ್ಟೆನೆಂಬ ಮುಳ್ಳು

1999ರ ಅಕ್ಟೋಬರಿನಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಸಿನಿಮಾಗಳು ತೆರೆಕಂಡವು. ಅಮೆರಿಕದ ಸಿನಿಮಾದ ನಾಯಕನಿಗೆ ಹೆಸರೇ ಇಲ್ಲ. ಕನ್ನಡದ ಸಿನಿಮಾದ ನಾಯಕನ ಹೆಸರು ‘ನಾನು’. ಕೊಳ್ಳುವ ಕಾಲದಲ್ಲಿ ‘ನಾನು ಯಾರು’ ಎಂದು ಕೇಳಿದ ಆ ಎರಡು ಸಿನಿಮಾಗಳನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ದಾರಿಯಲ್ಲಿ ಕೂತು ನೆನೆದಾಗ ಕಂಡದ್ದು ಇಲ್ಲಿದೆ.

ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಂದು ನಿಂತ ಕಾಲೇಜು ಹುಡುಗನ ಕಪ್ಪು ಟೀಶರ್ಟಿನ ಮೇಲೆ ಗುಲಾಬಿ ಬಣ್ಣದ ಒಂದು ಸೋಪು. ಸೋಪಿನ ಮೇಲೆ ‘ಫೈಟ್ ಕ್ಲಬ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಇವನು ಹುಟ್ಟುವ ಮೊದಲೇ ಬಂದುಹೋದ ಸಿನಿಮಾ. ನನಗೆ ಸುಮ್ಮನಿರಲಾಗಲಿಲ್ಲ.

‘ಎಲ್ಲಿ ಸಿಕ್ಕಿತು ಮಾರಾಯ ಇದು?’

‘ಆನ್‌ಲೈನಲ್ಲಿ ಸರ್. ಆಫರ್ ಇತ್ತು, ಎರಡು ತಗೊಂಡ್ರೆ ಒಂದು ಫ್ರೀ.’

‘ಸಿನಿಮಾ ನೋಡಿದ್ದೀಯಾ?’

‘ಪೂರ್ತಿ ಇಲ್ಲ ಸರ್. ಒಳ್ಳೊಳ್ಳೆ ಸೀನೆಲ್ಲ ರೀಲ್ಸಲ್ಲಿ ಬರ್ತದಲ್ಲ.’

ಬಸ್ಸು ಬಂತು. ಅವನು ಫುಟ್‌ಬೋರ್ಡಿಗೆ ಜೋತುಬಿದ್ದ, ನನಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಪುಂಜಾಲಕಟ್ಟೆ, ಮಡಂತ್ಯಾರು ದಾಟಿದರೂ ತಲೆಯಲ್ಲಿ ಆ ಸೋಪೇ ಕೂತಿತ್ತು. ತೊಟ್ಟ ಬಟ್ಟೆಯಿಂದ ಮನುಷ್ಯನನ್ನು ಅಳೆಯಬೇಡಿ ಎಂದು ಗಂಟಲು ಹರಿದುಕೊಂಡ ಸಿನಿಮಾ ಕೊನೆಗೆ ಒಂದು ಬಟ್ಟೆಯಾಗಿ, ಅದೂ ಎರಡಕ್ಕೊಂದು ಉಚಿತವಾಗಿ, ನಮ್ಮೂರಿನ ಬಸ್‌ಸ್ಟ್ಯಾಂಡಿಗೆ ಬಂದು ಮುಟ್ಟಿದೆ. ನಗು ಬಂತು. ಅದರ ಹಿಂದೆಯೇ ಈ ಕಥೆಯನ್ನು ನಮ್ಮ ಊರುಗಳು ಬೇರೆ ಬೇರೆ ವೇಷದಲ್ಲಿ ಮೊದಲೇ ಹೇಳಿಕೊಂಡಿವೆಯಲ್ಲ ಎಂದೂ ಅನ್ನಿಸಿತು.

ಸೋಪು ಮಾಡುವವನು, ನಿದ್ದೆ ಬಾರದವನು

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಚಕ್ ಪಲಾನಿಯಕ್ 1996ರಲ್ಲಿ ಬರೆದ ಕಾದಂಬರಿಯನ್ನು ಡೇವಿಡ್ ಫಿಂಚರ್ ಸಿನಿಮಾ ಮಾಡಿದರು. ಎಡ್ವರ್ಡ್ ನಾರ್ಟನ್ ಮಾಡಿದ ಪಾತ್ರಕ್ಕೆ ಹೆಸರಿಲ್ಲ, ಕಥೆ ಹೇಳುವವನು ಅಷ್ಟೇ. ಕಾರು ಕಂಪನಿಯೊಂದರ ನೌಕರ. ದೋಷವಿರುವ ಕಾರುಗಳನ್ನು ವಾಪಸು ಕರೆಸಿಕೊಳ್ಳುವುದು ಅಗ್ಗವೋ, ಸತ್ತವರ ಮನೆಯವರಿಗೆ ಪರಿಹಾರ ಕೊಡುವುದು ಅಗ್ಗವೋ ಎಂದು ಲೆಕ್ಕ ಹಾಕುವುದು ಅವನ ಕೆಲಸ. ರಾತ್ರಿ ನಿದ್ದೆ ಬರುವುದಿಲ್ಲ. ಐಕಿಯಾ ಕ್ಯಾಟಲಾಗ್ ತಿರುಗಿಸಿ ಮನೆಗೆ ಒಂದೊಂದೇ ಪೀಠೋಪಕರಣ ತರಿಸುವುದೇ ಅವನಿಗೆ ಸಮಾಧಾನ. ಕ್ಯಾಟಲಾಗಿನ ಬೆಲೆಪಟ್ಟಿಯ ಸಮೇತ ಅವನ ಕೋಣೆ ತೆರೆಯ ಮೇಲೆ ತುಂಬಿಕೊಳ್ಳುವ ದೃಶ್ಯ ಈಗಲೂ ಹಳತಾಗಿಲ್ಲ.

ಅಲ್ಲಿಗೆ ಬರುತ್ತಾನೆ ಟೈಲರ್ ಡರ್ಡನ್, ಅಂದರೆ ಬ್ರಾಡ್ ಪಿಟ್. ಸೋಪು ಮಾಡಿ ಮಾರುವವನು. ದಪ್ಪ ಮೈಯಿಂದ ಆಸ್ಪತ್ರೆಯಲ್ಲಿ ತೆಗೆದು ಬಿಸಾಡಿದ ಕೊಬ್ಬನ್ನು ಕದ್ದು ಸೋಪು ಮಾಡಿ, ಶ್ರೀಮಂತರಿಗೆ ಅವರದೇ ಕೊಬ್ಬನ್ನು ದುಬಾರಿ ಬೆಲೆಗೆ ಮಾರುತ್ತಾನೆ. ಕೊಳ್ಳುಬಾಕತನದ ಬಗ್ಗೆ ಇದಕ್ಕಿಂತ ಖಾರವಾದ ಗೇಲಿ ಸಿನಿಮಾದಲ್ಲಿ ಬಂದದ್ದು ಕಡಿಮೆ. ಇಬ್ಬರೂ ಸೇರಿ ಒಂದು ಬಾರಿನ ನೆಲಮಾಳಿಗೆಯಲ್ಲಿ ಗುಟ್ಟಿನ ಕ್ಲಬ್ ಕಟ್ಟುತ್ತಾರೆ. ಹಗಲಲ್ಲಿ ಟೈ ಕಟ್ಟಿಕೊಂಡು ತಲೆತಗ್ಗಿಸುವ ಗಂಡಸರು ರಾತ್ರಿ ಬರಿಮೈಯಲ್ಲಿ ಗುದ್ದಾಡಿ, ರಕ್ತ ಒರೆಸಿಕೊಂಡು, ಬದುಕಿದ್ದೇವೆ ಎಂದು ನಂಬುತ್ತಾರೆ. ಕಡೆಗೆ ತಿಳಿಯುವುದೇನೆಂದರೆ ಟೈಲರ್ ಎಂಬವನು ಬೇರೆ ಯಾರೂ ಅಲ್ಲ. ನಿದ್ದೆಗೆಟ್ಟವನೇ ತನ್ನೊಳಗಿಂದ ಕಡೆದು ನಿಲ್ಲಿಸಿದ ಇನ್ನೊಬ್ಬ.

ಸುಮಾರು 6.3 ಕೋಟಿ ಡಾಲರ್ ಸುರಿದು ತೆಗೆದ ಸಿನಿಮಾ ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಸಿದ್ದು 3.7 ಕೋಟಿ. ನೆಲಕಚ್ಚಿತು ಎಂದೇ ಎಲ್ಲರೂ ಬರೆದರು. ಆಮೇಲೆ ಡಿವಿಡಿಯಾಗಿ ಮನೆಮನೆಗೆ ಹೋಗಿ ಹಾಸ್ಟೆಲ್ ಹುಡುಗರ ಬಾಯಿಪಾಠವಾಯಿತು. ಸರಕಿನ ವಿರುದ್ಧ ಕೂಗಿದ ಸಿನಿಮಾವನ್ನು ಉಳಿಸಿದ್ದು ಸರಕಿನ ಮಾರಾಟವೇ. ತಯಾರಿಸಿದ್ದಾದರೂ ಯಾರು? ಆಗ ಮರ್ಡೋಕ್ ಮಾಧ್ಯಮ ಸಾಮ್ರಾಜ್ಯಕ್ಕೆ ಸೇರಿದ್ದ ಫಾಕ್ಸ್ ಕಂಪನಿ. ಬೈಗುಳಕ್ಕೂ ಒಂದು ದರ ಇದೆ ಎಂದು ಮಾರುಕಟ್ಟೆಗೆ ನಮಗಿಂತ ಮೊದಲೇ ಗೊತ್ತಿತ್ತು.

ನಮ್ಮ ‘ನಾನು’

ಫೈಟ್ ಕ್ಲಬ್ ಅಮೆರಿಕದಲ್ಲಿ ತೆರೆಕಂಡದ್ದು 1999ರ ಅಕ್ಟೋಬರ್ 15ಕ್ಕೆ. ಸರಿಯಾಗಿ ಒಂದು ವಾರಕ್ಕೆ, ಅಕ್ಟೋಬರ್ 22ರಂದು, ಕರ್ನಾಟಕದಲ್ಲಿ ‘ಉಪೇಂದ್ರ’ ಬಂತು. ಒಬ್ಬರನ್ನೊಬ್ಬರು ನೋಡಿ ಮಾಡಿದ್ದಾಗಿರಲು ಸಾಧ್ಯವೇ ಇಲ್ಲ. ಆದರೂ ಇವೆರಡೂ ಒಂದೇ ಜ್ವರದ ಎರಡು ಮೈಗಳು.

ಕತೆ, ನಿರ್ದೇಶನ, ನಾಯಕನ ಪಾತ್ರ ಎಲ್ಲವೂ ಉಪೇಂದ್ರ ಅವರದೇ. ನಾಯಕನ ಹೆಸರು ‘ನಾನು’. ಮನಸ್ಸಿಗೆ ಬಂದದ್ದನ್ನು ಮುಚ್ಚಿಡದೆ ಬಾಯಿಗೆ ತರುವವನು. ರವೀನಾ ಟಂಡನ್, ಪ್ರೇಮಾ, ದಾಮಿನಿ ಎಂಬ ಮೂವರು ನಾಯಕಿಯರ ನಡುವೆ ಅವನ ಆಸೆ ತೂಗುತ್ತದೆ. ನಾವು ಒಳಗೊಳಗೇ ಬಯಸಿ ಹೊರಗೆ ಮರ್ಯಾದೆಯ ಮುಖ ಹೊತ್ತು ತಿರುಗುತ್ತೇವೆ ಎಂಬುದು ಸಿನಿಮಾದ ಆರೋಪ. ಎಂ.ಟಿ.ವಿ.ಯನ್ನೂ ಸುಬ್ಬುಲಕ್ಷ್ಮಿ ಎಂಬ ಹೆಸರನ್ನೂ ಒಂದೇ ಉಸಿರಿಗೆ ಕಟ್ಟಿದ ಹಾಡೊಂದು ಅದರಲ್ಲಿದೆ. ಉದಾರೀಕರಣಕ್ಕೆ ಆಗ ಎಂಟು ವರ್ಷ. ಕೇಬಲ್ ಟಿ.ವಿ. ಹಳ್ಳಿಗಳಿಗೆ ಇಳಿಯುತ್ತಿದ್ದ ಹೊತ್ತು. ಹಾಡಿಗೆ ರಾಗ ಹಾಕಿದ ಗುರುಕಿರಣ್ ನಮ್ಮ ಮಂಗಳೂರಿನವರು.

ಅದರ ಹಿಂದಿನ ವರ್ಷದ ‘ಎ’ ಸಿನಿಮಾದಿಂದಲೇ ಉಪೇಂದ್ರ ಕಥೆಯ ಸರಪಳಿ ಕಡಿದು ತಲೆಕೆಳಗಾಗಿ ಜೋಡಿಸುವ ಆಟ ಶುರುಮಾಡಿದ್ದರು. ಅರ್ಥವಾಗಲಿಲ್ಲ ಎಂದು ಬೈದುಕೊಂಡು ಹೊರಬಂದವರು ಮಾರನೇ ದಿನ ಇನ್ನೊಬ್ಬನನ್ನು ಎಳೆದುಕೊಂಡು ಮತ್ತೆ ಹೋದರು. ಕಲ್ಟ್ ಸಿನಿಮಾ ಎಂದರೆ ಇದೇ. ಪ್ರೇಕ್ಷಕ ಅದರ ಭಕ್ತನಾಗುತ್ತಾನೆ, ವಾದ ಮಾಡುತ್ತಾನೆ, ಬೇರೆಯವರನ್ನು ದೀಕ್ಷೆಗೆ ಕರೆತರುತ್ತಾನೆ.

ಎರಡೂ ಸಿನಿಮಾಗಳ ಕಣ್ಣಿಗೆ ಒಂದೇ ಪೊರೆ ಇದೆ. ಗಂಡಸಿನ ಸಂಕಟವನ್ನು ಅಷ್ಟು ಕಂಡವರು ಹೆಣ್ಣಿನ ಬಳಿ ಬಂದಾಗ ಎಡವುತ್ತಾರೆ. ಫೈಟ್ ಕ್ಲಬ್‌ನ ಮಾರ್ಲಾ ನಾಯಕನ ಕಾಯಿಲೆಗೆ ಕನ್ನಡಿ ಹಿಡಿಯಲು ಇರುವವಳು. ‘ಉಪೇಂದ್ರ’ದ ಹೆಣ್ಣುಗಳಂತೂ ನಾಯಕನ ಬೋಧನೆ ಕೇಳಿಸಿಕೊಳ್ಳಬೇಕಾದವರು. ‘ನಾನು’ ಎಂಬುದು ಗಂಡಸಿಗೆ ಮಾತ್ರ ಕೊಟ್ಟ ಸರ್ವನಾಮವೇನೋ ಎಂಬಂತೆ.

ಫೈಟ್ ಕ್ಲಬ್‌ಗೆ ಇನ್ನೂ ಹತ್ತಿರದ ಕನ್ನಡದ ನೆಂಟ 2013ರಲ್ಲಿ ಬಂತು. ಪ್ರೇಕ್ಷಕರಿಂದಲೇ ಹಣ ಕೂಡಿಸಿ ಪವನ್ ಕುಮಾರ್ ಮಾಡಿದ ‘ಲೂಸಿಯಾ’. ಟಾಕೀಸಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ನಿಕ್ಕಿಗೂ ನಿದ್ದೆಯಿಲ್ಲ. ಮಾತ್ರೆ ನುಂಗಿದರೆ ಕನಸಿನಲ್ಲಿ ತಾನೇ ದೊಡ್ಡ ಸ್ಟಾರ್. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಯಾರು ಯಾರ ಕನಸು ಎಂದು ಕಡೆಗೆ ತಿರುವು ಸಿಕ್ಕಾಗ ಗೊತ್ತಾಗುತ್ತದೆ: ಎಲ್ಲ ಇದ್ದವನು ಏನೂ ಇಲ್ಲದ ಬದುಕನ್ನು ಕನಸಾಗಿ ಕಾಣುತ್ತಿದ್ದ. ಫೈಟ್ ಕ್ಲಬ್‌ನವನು ಒಳಗಿನಿಂದ ಒಬ್ಬ ರೌಡಿಯನ್ನು ಎಬ್ಬಿಸಿಕೊಂಡ. ನಮ್ಮವನು ಒಬ್ಬ ಟಾರ್ಚ್ ಹುಡುಗನನ್ನು. ನನಗೆ ನಮ್ಮವನೇ ಹೆಚ್ಚು ಇಷ್ಟ.

ಷೋಕೇಸಿನ ಊರು

ಐಕಿಯಾ ಭಾರತಕ್ಕೆ ಬಂದದ್ದು 2018ರಲ್ಲಿ, ಹೈದರಾಬಾದಿಗೆ. ಬೆಂಗಳೂರಿನ ನಾಗಸಂದ್ರಕ್ಕೆ ಬಂದದ್ದು 2022ರಲ್ಲಿ. ಆದರೆ ಕ್ಯಾಟಲಾಗಿನ ಆಸೆ ನಮ್ಮ ತಾಲೂಕುಗಳಿಗೆ ಹೊಸದಲ್ಲ. ಚಾವಡಿಯ ಗೋಡೆಗೆ ಗಾಜಿನ ಬಾಗಿಲಿನ ಷೋಕೇಸ್ ಇಡಿಸುವುದು ಒಂದು ಕಾಲದಲ್ಲಿ ಮನೆಯ ಅಂತಸ್ತಿನ ಗುರುತಾಗಿತ್ತು. ಗಲ್ಫಿನಿಂದ ಬಂದ ಅಣ್ಣ ತಂದ ಟ್ಯಾಂಗ್ ಬಾಟ್ಲಿ ಖಾಲಿಯಾದ ಮೇಲೂ ಅದರಲ್ಲಿ ಕೂತಿರುತ್ತಿತ್ತು. ಕೊಡಲಿ ಮಾರ್ಕಿನ ಎಣ್ಣೆ, ಸೆಂಟಿನ ಬಾಟ್ಲಿ, ಯಾರೂ ಕುಡಿಯದ ಪಿಂಗಾಣಿ ಕಪ್ಪುಗಳು. ಬಂದವರಿಗೆ ಅವೇ ಮನೆಯ ವಿಳಾಸ.

ಬಂಟ್ವಾಳ ಪೇಟೆಯಂತೂ ಹುಟ್ಟಿದ್ದೇ ಸರಕಿನಿಂದ. ಘಟ್ಟದ ಮೇಲಿನಿಂದ ಇಳಿದ ಮಾಲು ಇಲ್ಲಿ ಗಾಡಿಯಿಂದ ದೋಣಿಗೆ ದಾಟಿ, ನೇತ್ರಾವತಿ ಹಿಡಿದು ಮಂಗಳೂರಿಗೆ ಹೋಗುತ್ತಿತ್ತು. 1923ರ ನೆರೆ, 1974ರ ನೆರೆ ಆ ಪೇಟೆಯ ಸೊಂಟ ಮುರಿದವು. ವ್ಯಾಪಾರ ಮೆಲ್ಲಗೆ ಬಂಟ್ವಾಳ ಕ್ರಾಸ್ ರೋಡಿಗೆ, ಎಂದರೆ ಬಿ.ಸಿ. ರೋಡಿಗೆ, ಏರಿ ಕೂತಿತು. ಹಳೆ ಪೇಟೆಯ ಓಣಿಯಲ್ಲಿ ನಡೆದರೆ ಅಂಗಡಿಗಳ ಎತ್ತರದ ಜಗಲಿಗಳು ಈಗಲೂ ಗಿರಾಕಿಗೆ ಕಾದಂತಿವೆ.

ಈ ಊರುಗಳಲ್ಲಿ ಮನೆಗೆ ಮೊದಲ ಮಿಕ್ಸಿ, ಮೊದಲ ಟಿ.ವಿ. ಬಂದದ್ದು ಹೇಗೆ ಎಂದು ಕೇಳಿನೋಡಿ. ಎಷ್ಟೋ ಮನೆಗಳಲ್ಲಿ ಅಮ್ಮ ಸೂಪು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ, ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಕೂಡಿಸಿದ ದುಡ್ಡು ಅದು. ಇವತ್ತು ಸ್ವಸಹಾಯ ಸಂಘದ ವಾರದ ಕಂತು ಕಟ್ಟಿ ತಂದ ಫ್ರಿಜ್ಜೂ ಹಾಗೆಯೇ. ಅದನ್ನು ಬರೀ ಕೊಳ್ಳುಬಾಕತನ ಎಂದು ಟೈಲರ್ ಡರ್ಡನ್ ಬಂದು ಹೇಳಿದರೆ ಆ ತಾಯಿ ಏನು ಹೇಳಿಯಾಳು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಿನಿಮಾ ಇದೆ. ಮಾಡಿದವರು ಇದೇ ಬಂಟ್ವಾಳದವರು.

ಏನೂ ಇಲ್ಲದವನ ಬಂಡಾಯ

ಬಾಬುಕೋಡಿ ವೆಂಕಟರಮಣ ಕಾರಂತ, ನಮ್ಮೆಲ್ಲರ ಬಿ.ವಿ. ಕಾರಂತರು, 1929ರಲ್ಲಿ ಹುಟ್ಟಿದ್ದು ಬಂಟ್ವಾಳ ತಾಲೂಕಿನ ಮಂಚಿಯಲ್ಲಿ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಗುಬ್ಬಿ ನಾಟಕ ಕಂಪನಿ ಸೇರಿದವರು. ಅಲ್ಲಿಂದ ಬನಾರಸ್, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ, ಭೋಪಾಲದ ರಂಗಮಂಡಲ, ಮೈಸೂರಿನ ರಂಗಾಯಣ. ಅವರು ಹೇಳಿ ವೈದೇಹಿ ಬರೆದುಕೊಂಡ ಆತ್ಮಕಥನದ ಹೆಸರು ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’. ಪರಕೀಯತೆ ಎಂಬ ದೊಡ್ಡ ಪದಕ್ಕೆ ಇದಕ್ಕಿಂತ ಸಲೀಸಾದ ಕನ್ನಡ ಸಿಗಲಿಕ್ಕಿಲ್ಲ.

ಶಿವರಾಮ ಕಾರಂತರ 1933ರ ಕಾದಂಬರಿ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಅದಕ್ಕೆ ಬಂತು. ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ.

ಚೋಮನಿಗೆ ಬೇಕಾದದ್ದು ಒಂದೇ. ಒಂದು ತುಂಡು ಗದ್ದೆ, ಅದರಲ್ಲಿ ತಾನೇ ಹೂಡಿ ಉಳುವ ಹಕ್ಕು. ಸಾಕಿ ಬೆಳೆಸಿದ ಎತ್ತಿನ ಜೋಡಿ ಹಟ್ಟಿಯಲ್ಲಿದೆ. ಆದರೆ ಅವನು ಹುಟ್ಟಿದ ಜಾತಿಗೆ ಬೇಸಾಯ ಸಲ್ಲದು ಎಂಬುದು ಊರಿನ ಕಟ್ಟಳೆ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕು. ಅಲ್ಲಿ ಮಗಳು ಬೆಳ್ಳಿ ತೆರುವ ಬೆಲೆ ಬೇರೆ. ಯಾವುದೋ ದೇಶದವರ ಬೆಳಗಿನ ಬಟ್ಟಲಿಗೆ ಸೇರುವ ಕಾಫಿಗಾಗಿ ಇಲ್ಲಿ ಒಂದು ಸಂಸಾರ ಕರಗುತ್ತದೆ. ಒಬ್ಬ ಮಗ ನೀರಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಲಾಗದೆ ನಿಲ್ಲುತ್ತಾರೆ. ಕಡೆಗೆ ಚೋಮ ಗುಡಿಸಲ ಬಾಗಿಲು ಹಾಕಿಕೊಂಡು ಉಸಿರು ನಿಲ್ಲುವವರೆಗೆ ದುಡಿ ಬಾರಿಸುತ್ತಾನೆ.

ಇವನನ್ನು ಫೈಟ್ ಕ್ಲಬ್‌ನ ನಾಯಕನ ಪಕ್ಕ ಕೂರಿಸಿ ನೋಡಿ. ಅವನಿಗೆ ಸಾಮಾನು ಹೆಚ್ಚಾಗಿ ತಾನು ಯಾರೆಂಬುದು ಕಳೆದುಹೋಯಿತು. ಇವನಿಗೆ ಒಂದು ತುಂಡು ನೆಲ ಸಿಗದೆ ತಾನು ಯಾರೆಂದು ಹೇಳಿಕೊಳ್ಳಲು ಆಗಲಿಲ್ಲ. ಅವನು ತನ್ನ ಮನೆಯನ್ನು ತಾನೇ ಸ್ಫೋಟಿಸಿ ಹಗುರಾಗುತ್ತಾನೆ. ಇವನಿಗೆ ಸ್ಫೋಟಿಸಲು ಏನಿದೆ?

ಸಿನಿಮಾ ಬರುವ ಹಿಂದಿನ ವರ್ಷ, 1974ರ ಮಾರ್ಚ್ 1ರಂದು, ರಾಜ್ಯದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಯಾಯಿತು. ಈ ತಾಲೂಕುಗಳಲ್ಲಿ ಗೇಣಿಗೆ ಉಳುತ್ತಿದ್ದ ಎಷ್ಟೋ ಮನೆಗಳಿಗೆ ಗದ್ದೆ ಸ್ವಂತದ್ದಾಯಿತು. ಗೇಣಿಗೂ ಗದ್ದೆ ಸಿಗದ ಚೋಮನಂಥವರು ಆ ಲೆಕ್ಕದೊಳಗೆ ಬರಲೇ ಇಲ್ಲ. ಒಂದು ಕಾಲದಲ್ಲಿ ಚಪ್ಪಲಿ ಹಾಕಿ ನಡೆಯಲು ಬಿಡದಿದ್ದ ದಾರಿಯಲ್ಲಿ ಇವತ್ತು ಒಬ್ಬ ಮೊಮ್ಮಗ ಸಾಲದ ಬೈಕಿನಲ್ಲಿ ಹೋದರೆ ಆ ಬೈಕನ್ನು ಬರೀ ಸರಕು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೇಡ ಎನ್ನಲಿಕ್ಕೂ ಮೊದಲು ಕೈಯಲ್ಲಿ ಏನಾದರೂ ಇರಬೇಕು. ವಸ್ತುವನ್ನು ಎಸೆಯುವ ಸುಖ ಉಳ್ಳವರದು. ಫೈಟ್ ಕ್ಲಬ್ ಹೇಳದೆ ಬಿಟ್ಟ ಸತ್ಯ ಇದು.

ವೇಣೂರಿನಲ್ಲಿ ನಿಂತವನು

ಗುರುವಾಯನಕೆರೆಯಲ್ಲಿ ಟೀಶರ್ಟಿನ ಹುಡುಗ ಇಳಿದ. ನಾನೂ ಇಳಿದು ಮೂಡುಬಿದಿರೆ ಕಡೆಯ ಬಸ್ಸು ಹತ್ತಿದೆ. ದಾರಿಯಲ್ಲಿ ಸಿಗುವುದು ವೇಣೂರು. ಫಲ್ಗುಣಿಯ ದಂಡೆಯಲ್ಲಿ 35 ಅಡಿಯ ಗೊಮ್ಮಟ. 1604ರಲ್ಲಿ ಇಲ್ಲಿನ ಅರಸ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು.

ಗೊಮ್ಮಟನೆಂದರೆ ತ್ಯಾಗ ಎಂದು ಶಾಲೆಯಲ್ಲಿ ಕಲಿತು ಮರೆತಿದ್ದೇವೆ. ಅವನ ಕಥೆ ಶುರುವಾಗುವುದು ಕಾಳಗದಿಂದ ಎಂಬುದನ್ನೂ ಜೊತೆಗೆ ಮರೆತಿದ್ದೇವೆ. ಜಗತ್ತನ್ನು ಗೆದ್ದು ಬಂದ ಭರತ ಚಕ್ರವರ್ತಿಗೆ ತಮ್ಮ ಬಾಹುಬಲಿ ತಲೆಬಾಗಲಿಲ್ಲ. ಸೈನ್ಯ ಸಾಯುವುದು ಬೇಡ, ಅಣ್ಣತಮ್ಮಂದಿರೇ ಸೆಣಸಲಿ ಎಂದಾಯಿತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮನೇ ಗೆದ್ದ. ಅವಮಾನ ತಾಳಲಾರದೆ ಭರತ ಚಕ್ರವನ್ನೇ ಬಿಟ್ಟ. ಅದು ಬಾಹುಬಲಿಗೆ ಸುತ್ತು ಬಂದು ಸುಮ್ಮನೆ ನಿಂತಿತು. ಆ ಗಳಿಗೆಯಲ್ಲಿ ಗೆದ್ದವನಿಗೆ ಗೆಲುವೇ ಹೇಸಿಗೆಯಾಯಿತು. ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ, ಅನ್ನ ಬಿಟ್ಟ, ಮಾತು ಬಿಟ್ಟ. ಒಂದು ವರ್ಷ ಕದಲದೆ ನಿಂತ. ಕಾಲಿಗೆ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು.

ಆದರೂ ಕೇವಲಜ್ಞಾನ ಬರಲಿಲ್ಲ. ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿದಿತ್ತು: ಇಷ್ಟೆಲ್ಲ ಬಿಟ್ಟರೂ ನಾನು ನಿಂತಿರುವುದು ಅಣ್ಣನ ನೆಲದ ಮೇಲಲ್ಲವೇ ಎಂಬ ಅಭಿಮಾನದ ಮುಳ್ಳು. ನಮ್ಮಲ್ಲಿ ಹೇಳಿಕೊಂಡು ಬಂದ ಕಥೆಯಲ್ಲಿ ಭರತನೇ ಬಂದು ತಮ್ಮನ ಕಾಲಿಗೆರಗಿದ ಮೇಲೆ ಆ ಮುಳ್ಳು ಹೋಯಿತು. ಬಟ್ಟೆ, ರಾಜ್ಯ ಬಿಡಲು ಅವನಿಗೆ ಒಂದು ಗಳಿಗೆ ಸಾಕಾಯಿತು. ‘ಬಿಟ್ಟವನು ನಾನು’ ಎಂಬುದನ್ನು ಬಿಡಲು ಒಂದು ವರ್ಷ ಬೇಕಾಯಿತು.

ಫೈಟ್ ಕ್ಲಬ್‌ನ ಎರಡನೇ ಅರ್ಧ ಈ ಮುಳ್ಳಿನ ಕಥೆಯೇ. ಸಾಮಾನು ಬಿಟ್ಟವರು, ಕೆಲಸ ಧಿಕ್ಕರಿಸಿದವರು ಟೈಲರನ ಪಾಳುಮನೆಗೆ ಬಂದು ಸೇರುತ್ತಾರೆ. ಎಲ್ಲರಿಗೂ ಒಂದೇ ಕಪ್ಪು ಬಟ್ಟೆ, ಬೋಳಿಸಿದ ತಲೆ. ಪ್ರಶ್ನೆ ಕೇಳುವಂತಿಲ್ಲ, ಹೆಸರಿಟ್ಟುಕೊಳ್ಳುವಂತಿಲ್ಲ. ಕಂಪನಿಯ ಗುಲಾಮಗಿರಿ ಬಿಟ್ಟು ಬಂದವರು ಸಂತೋಷದಿಂದ ಇನ್ನೊಬ್ಬ ಮಾಲೀಕನ ಕೈಯಾಳಾಗುತ್ತಾರೆ. ಅವರಲ್ಲೊಬ್ಬ ಗುಂಡೇಟಿಗೆ ಸತ್ತು ಮಲಗಿದಾಗ ಮಾತ್ರ ಉಳಿದವರು ಅವನ ಹೆಸರು ಜಪಿಸುತ್ತಾರೆ. ಹೆಸರು ವಾಪಸು ಸಿಗಬೇಕಾದರೆ ಸಾಯಬೇಕು. ಕೋಪಗೊಂಡ ಹುಡುಗರಿಗೆ ಯಾರದೋ ಒಂದು ಧ್ವಜ, ಒಂದು ಸಮವಸ್ತ್ರ ಸಿಕ್ಕಿದರೆ ಏನಾಗುತ್ತದೆ ಎಂದು ಕರಾವಳಿಯ ನಮಗೆ ಬಿಡಿಸಿ ಹೇಳಬೇಕಿಲ್ಲ.

ವೇಣೂರಿನ ಮೂರ್ತಿಗೂ ಈ ಮುಳ್ಳಿನ ಗೀರು ಇದೆ. ಅಜಿಲರು ಗೊಮ್ಮಟನನ್ನು ನಿಲ್ಲಿಸಿದರೆ ತನ್ನ ಕಾರ್ಕಳದ ಗೊಮ್ಮಟನ ಕೀರ್ತಿಗೆ ಕುಂದು ಎಂದು ಕಾರ್ಕಳದ ಭೈರರಸ ದಂಡೆತ್ತಿ ಬಂದನಂತೆ. ಅಜಿಲ ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟು, ಯುದ್ಧ ಮುಗಿದ ಮೇಲೆ ತೆಗೆದು ನಿಲ್ಲಿಸಿದನೆಂದು ಐತಿಹ್ಯ. ಎಲ್ಲವನ್ನೂ ಬಿಟ್ಟವನ ಮೂರ್ತಿ ಯಾರ ಊರಲ್ಲಿ ಇರಬೇಕು ಎಂದು ಕಾದಾಡಿದರು! ತ್ಯಾಗವನ್ನೂ ಷೋಕೇಸಿನಲ್ಲಿ ಇಡುವ ಚಟ ನಮಗೆ ಅಮೆರಿಕದಿಂದ ಬಂದದ್ದೇನಲ್ಲ.

ಇದೇ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಇನ್ನೊಬ್ಬ ಬಾಹುಬಲಿ ನಿಂತಿದ್ದಾನೆ. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕೆತ್ತಿದ 39 ಅಡಿಯ ಏಕಶಿಲೆ. ಪ್ರತಿಷ್ಠೆಯಾದದ್ದು 1982ರಲ್ಲಿ. ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಎಳನೀರು, ಅರಿಶಿನ, ಚಂದನದ ಅಭಿಷೇಕ ಎರಡೂ ಕಡೆ ನಡೆಯುತ್ತದೆ. ಸುರಿಯುವವರು ನಾವು. ಅವನು ಒರೆಸಿಕೊಳ್ಳುವುದೂ ಇಲ್ಲ.

ಇದ್ದೂ ಅಂಟದವನು

ಮೂಡುಬಿದಿರೆ ತಲಪುವಾಗ ಬಿಸಿಲು ಇಳಿದಿತ್ತು. ಜೈನ ವ್ಯಾಪಾರಿಗಳ ಊರು ಇದು. 1430ರ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಊರವರು ಹೆಮ್ಮೆಯಿಂದ ತೋರಿಸುತ್ತಾರೆ. ಒಂದೇ ಅಚ್ಚಿನಲ್ಲಿ ಸಾವಿರ ಕುರ್ಚಿ ಹೊಡೆಯುವ ಕ್ಯಾಟಲಾಗಿನ ಕಾಲದವರು ಇಲ್ಲಿ ಸ್ವಲ್ಪ ಹೊತ್ತು ಕೂತುಹೋಗುವುದು ಒಳ್ಳೆಯದು. ದುಡ್ಡು ಕೂಡಿಸಿದವರು ಕಲ್ಲುಕುಟಿಗನಿಗೆ ಕೈಬಿಟ್ಟು ಕೊಟ್ಟಿದ್ದರಿಂದಲೇ ಇದಾಯಿತು. ಹಣ ಎಂದರೆ ಪಾಪ ಎಂದು ಈ ಕಂಬಗಳು ಹೇಳುವುದಿಲ್ಲ.

ಈ ಊರಿನ ಕವಿ ರತ್ನಾಕರವರ್ಣಿಯೂ ಅದನ್ನು ಹೇಳಲಿಲ್ಲ. ಹದಿನಾರನೇ ಶತಮಾನದವನು, 1557ರಲ್ಲಿ ಸಾಂಗತ್ಯ ಛಂದಸ್ಸಿನಲ್ಲಿ ‘ಭರತೇಶ ವೈಭವ’ ಬರೆದವನು. ಅವನೂ ಒಬ್ಬ ಬಂಡಾಯಗಾರ. ಸ್ವಮತದವರ ಮೇಲೆ ಸಿಟ್ಟಾಗಿ ವೀರಶೈವನಾದ, ಮತ್ತೆ ಜೈನನಾಗಿ ಮರಳಿದ ಎಂಬ ಐತಿಹ್ಯ ಅವನ ಬೆನ್ನಿಗೆ ಅಂಟಿಕೊಂಡಿದೆ. ಅವನು ಆರಿಸಿಕೊಂಡ ನಾಯಕ ಎಲ್ಲ ಬಿಟ್ಟ ಬಾಹುಬಲಿಯಲ್ಲ, ಎಲ್ಲ ಇಟ್ಟುಕೊಂಡ ಭರತ. ಅರಮನೆ, ಊಟ, ಸಂಗೀತ, ಹೆಂಡಿರು ಎಲ್ಲದರ ನಡುವೆ ಕೂತು ಒಳಗೆ ಯೋಗಿಯಾಗಿ ಇರುವವನು. ರತ್ನಾಕರನ ಕಾವ್ಯದಲ್ಲಿ ಅಣ್ಣತಮ್ಮಂದಿರು ಮೈಗೆ ಮೈ ತಾಗಿಸಿ ಹೊಡೆದಾಡುವುದೂ ಇಲ್ಲ. ಭರತ ಮಾತಿನಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಕುಸ್ತಿ ರದ್ದು. ನಾನೂರೈವತ್ತು ವರ್ಷ ಹಿಂದೆಯೇ ಮೂಡುಬಿದಿರೆಯ ಕವಿಯೊಬ್ಬ ಫೈಟ್ ಕ್ಲಬ್‌ನಿಂದ ಫೈಟನ್ನೇ ತೆಗೆದುಹಾಕಿದ್ದ.

ಚಕ್ರವರ್ತಿಗೆ ಹೇಳಲು ಸುಲಭ, ಕಂತು ಕಟ್ಟುವವನಿಗೆ ಕಷ್ಟ ಎನ್ನಬಹುದು. ನಿಜ. ಭೋಗದಲ್ಲೇ ಯೋಗ ಎಂಬ ಮಾತು ಉಳ್ಳವರ ಬಾಯಲ್ಲಿ ಬೇಗ ನೆಪವಾಗುತ್ತದೆ. ಆದರೆ ಮನೆ ಸುಟ್ಟು ಹೊರಡಲಾಗದ, ಕಾಡಿಗೆ ಹೋಗಿ ನಿಲ್ಲಲಾಗದ ನನ್ನಂಥವರಿಗೆ ರತ್ನಾಕರ ಹೇಳುವ ದಾರಿಯೊಂದೇ ನಡೆಯಲು ಬರುವಂಥದು. ಫ್ರಿಜ್ಜು ಇರಲಿ. ಅದರೊಳಗೆ ‘ನಾನು’ ಎಂಬುದನ್ನು ಇಡಬಾರದು. ಬೈಕು ಇರಲಿ. ಪಕ್ಕದ ಮನೆಯವನಿಗೆ ಹೊಸ ಬೈಕು ಬಂದ ರಾತ್ರಿ ನಮಗೆ ನಿದ್ದೆ ಬರಬೇಕು. ಫೈಟ್ ಕ್ಲಬ್ ಶುರುವಾಗುವುದೂ ನಿದ್ದೆ ಬಾರದವನಿಂದಲೇ ಅಲ್ಲವೇ?

ನಾನೇನೂ ಈ ಪರೀಕ್ಷೆಯಲ್ಲಿ ಪಾಸಾದವನಲ್ಲ. ಈ ಲೇಖನ ಬರೆಯುವ ನಡುವೆ ಫೋನಿನಲ್ಲಿ ಬಂದ ರಿಯಾಯಿತಿ ಸಂದೇಶವನ್ನು ಎರಡು ಸಲ ತೆರೆದು ನೋಡಿದ್ದೇನೆ.

ಉಳಿದರ್ಧ

ಬಸ್ಸಿನ ಹುಡುಗ ಪೂರ್ತಿ ನೋಡಿಲ್ಲ ಎಂದಿದ್ದ. ಅವನು ನೋಡದೆ ಬಿಟ್ಟದ್ದರಲ್ಲೇ ಸಿನಿಮಾದ ತಿರುಳಿದೆ. ರೀಲ್ಸಿನಲ್ಲಿ ಬರುವುದು ಟೈಲರನ ಭಾಷಣ, ಟೈಲರನ ಜಾಕೆಟ್ಟು, ಟೈಲರನ ಮೈಕಟ್ಟು. ಆದರೆ ಕಡೆಗೆ ನಾಯಕ ಎದುರಿಸುವುದು ಐಕಿಯಾವನ್ನಲ್ಲ, ಟೈಲರನನ್ನು. ಇವನು ನನಗೆ ಬೇಡ ಎಂದು ತೀರ್ಮಾನಿಸಿ, ತನ್ನ ಬಾಯಿಗೆ ತಾನೇ ಪಿಸ್ತೂಲು ಇಟ್ಟು ಕುದುರೆ ಎಳೆಯುತ್ತಾನೆ. ಅವನು ಉಳಿಯುತ್ತಾನೆ, ಟೈಲರ್ ಹೋಗುತ್ತಾನೆ. ಕಿಟಕಿಯಾಚೆ ಕ್ರೆಡಿಟ್ ಕಾರ್ಡ್ ಕಂಪನಿಗಳ ಕಟ್ಟಡಗಳು ಕುಸಿಯುವುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದಕ್ಕೂ ಸ್ವಲ್ಪ ಮೊದಲು ಕುಸಿದ ‘ನಾನು’ ಅಷ್ಟಾಗಿ ಯಾರಿಗೂ ನೆನಪಿಲ್ಲ. ಸಿನಿಮಾ ಕೊಂದುಹಾಕಿದವನನ್ನೇ ಮಾರುಕಟ್ಟೆ ಎಬ್ಬಿಸಿ ಟೀಶರ್ಟಿನ ಮೇಲೆ ಕೂರಿಸಿದೆ.

‘ಎಲ್ಲರಂತೆ ನಾನಲ್ಲ’ ಎಂಬ ಭಾವನೆ ಇವತ್ತಿನ ಅತಿ ಹೆಚ್ಚು ಬಿಕರಿಯಾಗುವ ಸರಕು. ಸಾವಯವ ಎಂಬ ಚೀಟಿ ಅಂಟಿಸಿದ ಸೋಪು, ಹರಿದೇ ಹೊಲಿದ ಜೀನ್ಸು, ಕಡಿಮೆ ಸಾಮಾನಿನಲ್ಲಿ ಬದುಕುವುದನ್ನು ಕಲಿಸುವ ದುಬಾರಿ ಶಿಬಿರ ಎಲ್ಲವೂ ಬಾಹುಬಲಿಯ ಆ ಮುಳ್ಳನ್ನೇ ಪ್ಯಾಕೆಟ್ ಮಾಡಿ ಮಾರುತ್ತಿವೆ. ಕೊಳ್ಳುವುದನ್ನು ಬಿಟ್ಟವನು ಬಿಟ್ಟೆನೆಂಬುದನ್ನು ಕೊಂಡರೆ ಅಂಗಡಿಯವನಿಗೆ ನಷ್ಟವೇನಿಲ್ಲ.

ಆ ಹುಡುಗ ಇದನ್ನು ಓದುತ್ತಾನೋ ಇಲ್ಲವೋ ತಿಳಿಯದು. ಓದಿದರೆ ಅವನಿಗೂ, ಅವನಂಥವರಿಗೂ ಹೇಳುವುದು ಇಷ್ಟೇ. ಫೈಟ್ ಕ್ಲಬ್ ಒಳ್ಳೆಯ ಸಿನಿಮಾ, ಕಡೆಯವರೆಗೆ ಕೂತು ನೋಡು. ಮರುದಿನ ‘ಚೋಮನ ದುಡಿ’ ನೋಡು. ಒಂದು ಭಾನುವಾರ ಬಸ್ಸು ಹತ್ತಿ ವೇಣೂರಿಗೆ ಹೋಗಿ ಆ ಕಲ್ಲಿನ ಮನುಷ್ಯನ ಎದುರು ಹತ್ತು ನಿಮಿಷ ಫೋನು ತೆಗೆಯದೆ ನಿಲ್ಲು. ಇರುವ ಟೀಶರ್ಟನ್ನು ಹರಿಯುವವರೆಗೆ ತೊಡು. ಹೊಸದು ಕೊಳ್ಳಬೇಡ.